ಕ್ಷಯರೋಗ ಕಾರ್ಯಕ್ರಮದಲ್ಲಿ ರೋಗಿ ಕೈತಪ್ಪುವುದು ಎಲ್ಲಿ?

ಪ್ರಶ್ನೆ: ನಾನು ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆಯಲ್ಲಿ ವೈದ್ಯಾಧಿಕಾರಿ. ಮೂರು ತಿಂಗಳ ಹಿಂದೆ ಜಿಲ್ಲೆಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ಹೆಚ್ಚುವರಿ ಹೊಣೆಯನ್ನು ನನಗೆ ವಹಿಸಿದ್ದಾರೆ. ಔಷಧ ಉಚಿತ, ತಾಲ್ಲೂಕು ಆಸ್ಪತ್ರೆಗಳಲ್ಲಿ ಕಫದಲ್ಲಿ ಕ್ಷಯಾಣು ಪತ್ತೆ ಮಾಡುವ ಟ್ರೂನಾಟ್ ಯಂತ್ರಗಳಿವೆ, ರೋಗಿಗಳನ್ನು ದಾಖಲಿಸುವ ನಿಕ್ಷಯ್ ಪೋರ್ಟಲ್ ಇದೆ, ಆಶಾ ಕಾರ್ಯಕರ್ತೆಯರಿದ್ದಾರೆ. ಆದರೂ ಚಿಕಿತ್ಸೆಯನ್ನು ನಡುವೆ ಬಿಟ್ಟವರು, ತಡವಾಗಿ ಬಂದು ತೀರಿಕೊಂಡವರು ಪ್ರತಿ ತಿಂಗಳೂ ಇದ್ದೇ ಇರುತ್ತಾರೆ. ಸಭೆಗಳಲ್ಲಿ ಗುರಿ ಎಷ್ಟು, ಸಾಧನೆ ಎಷ್ಟು ಎಂಬುದರ ಹೊರತು ಬೇರೆ ಮಾತು ಬರುವುದಿಲ್ಲ. ಚಿಕಿತ್ಸೆ ನನಗೆ ಗೊತ್ತು, ಕಾರ್ಯಕ್ರಮ ನಡೆಸುವುದು ಗೊತ್ತಿಲ್ಲ. ಸಂಯೋಜನೆ ಎಂದರೆ ನಿಜವಾಗಿ ಯಾವ ಕೆಲಸ? ನನ್ನ ಸಮಯವನ್ನು ಮೊದಲು ಎಲ್ಲಿಗೆ ಕೊಡಲಿ?

ಉತ್ತರ: ಒಬ್ಬ ರೋಗಿಯ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ನಡೆದು ನೋಡಿದರೆ, ಅವನು ಏಳೆಂಟು ಕೈಗಳನ್ನು ದಾಟಿ ಹೋಗುವುದು ಕಾಣುತ್ತದೆ. ಎರಡು ವಾರದಿಂದ ಕೆಮ್ಮುತ್ತಿದ್ದಾನೆ ಎಂದು ಆಶಾ ಕಾರ್ಯಕರ್ತೆ ಗುರುತಿಸುತ್ತಾರೆ. ಕಫದ ಡಬ್ಬಿ ಉಪಕೇಂದ್ರದಿಂದ ತಾಲ್ಲೂಕು ಪ್ರಯೋಗಾಲಯಕ್ಕೆ ಯಾರದೋ ಬೈಕಿನಲ್ಲಿ ಹೋಗುತ್ತದೆ. ಲ್ಯಾಬ್ ಟೆಕ್ನಿಷಿಯನ್ ಫಲಿತಾಂಶ ಬರೆಯುತ್ತಾರೆ, ವೈದ್ಯರು ಚಿಕಿತ್ಸೆ ಬರೆಯುತ್ತಾರೆ, ಹಿರಿಯ ಚಿಕಿತ್ಸಾ ಮೇಲ್ವಿಚಾರಕರು, ಅಂದರೆ ನಾವೆಲ್ಲ ಎಸ್‌ಟಿಎಸ್ ಎಂದು ಕರೆಯುವವರು, ನಿಕ್ಷಯ್‌ನಲ್ಲಿ ನೋಂದಾಯಿಸುತ್ತಾರೆ. ಫಾರ್ಮಸಿ ಅಧಿಕಾರಿ ಮಾತ್ರೆ ಕೊಡುತ್ತಾರೆ, ಬ್ಯಾಂಕು ಪೋಷಣೆಯ ಹಣವನ್ನು ಖಾತೆಗೆ ಹಾಕುತ್ತದೆ. ಇವರಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರೂ ರೋಗಿ ಕಳೆದುಹೋಗಬಹುದು, ಏಕೆಂದರೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಜಾಗ ಅವರಲ್ಲಿ ಯಾರೊಬ್ಬರ ಹೊಣೆಯೂ ಆಗಿರುವುದಿಲ್ಲ. ಆ ಜಾಗಗಳ ಹೊಣೆ ಹೊರುವುದನ್ನೇ ನಾನು ಸಂಯೋಜನೆ ಎನ್ನುತ್ತೇನೆ. ಅದು ನಿಮ್ಮ ಕೆಲಸ, ಜಿಲ್ಲೆಯಲ್ಲಿ ಅದನ್ನು ಬೇರೆ ಯಾರೂ ಮಾಡುವುದಿಲ್ಲ.

ಇದು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಭಾರತದ ಸರ್ಕಾರಿ ವ್ಯವಸ್ಥೆಯ 2013ರ ಅಂಕಿಗಳನ್ನು ಕೂಡಿಸಿ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಕ್ಷಯವಿದ್ದ ನೂರು ಜನರಲ್ಲಿ 72 ಮಂದಿ ಕಾರ್ಯಕ್ರಮದ ಆರೋಗ್ಯ ಕೇಂದ್ರಗಳಿಗೆ ತಲುಪಿದ್ದರು, 60 ಮಂದಿಗೆ ರೋಗ ಪತ್ತೆಯಾಗಿತ್ತು, 53 ಮಂದಿ ಚಿಕಿತ್ಸೆಗೆ ನೋಂದಣಿಯಾಗಿದ್ದರು, 45 ಮಂದಿ ಚಿಕಿತ್ಸೆ ಮುಗಿಸಿದ್ದರು, ಅದಾಗಿ ಒಂದು ವರ್ಷದ ನಂತರವೂ ರೋಗ ಮರುಕಳಿಸದೆ ಬದುಕಿದ್ದವರು 39 ಮಂದಿ ಮಾತ್ರ. ಈ ಸಾಲಿನಲ್ಲಿ 60ಕ್ಕೂ 53ಕ್ಕೂ ನಡುವಿನ ಏಳು ಜನರನ್ನು ಗಮನಿಸಿ. ಇವರು ಆಸ್ಪತ್ರೆಗೆ ಬಂದಿದ್ದರು, ಕಫ ಕೊಟ್ಟಿದ್ದರು, ರೋಗವಿದೆ ಎಂದು ನಮಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಚಿಕಿತ್ಸೆಯ ಪಟ್ಟಿಗೆ ಅವರ ಹೆಸರು ಸೇರಲಿಲ್ಲ. ಹೊಸ ಔಷಧವಾಗಲಿ ಹೊಸ ಯಂತ್ರವಾಗಲಿ ಈ ಏಳು ಜನರನ್ನು ಉಳಿಸುವುದಿಲ್ಲ. ಅವರನ್ನು ಉಳಿಸುವುದು ಆಡಳಿತ.

ಈ ಪಾಠ ನಮ್ಮ ನಾಡಿನಲ್ಲೇ ಅರವತ್ತು ವರ್ಷಗಳ ಹಿಂದೆ ಸಿಕ್ಕಿತ್ತು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್-ರೇ ವಾಹನಗಳನ್ನು ಊರೂರಿಗೆ ಕಳಿಸಬೇಕು ಎಂದು ಆಗ ಬಹಳಷ್ಟು ಜನ ನಂಬಿದ್ದರು. ಅಧ್ಯಯನದಲ್ಲಿ ಕಂಡದ್ದು ಬೇರೆ. ಕ್ಷಯವಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆ ಎಂಬುದು ತಿಳಿದಿತ್ತು, ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಿಗೆ ನಮ್ಮ ಆರೋಗ್ಯ ಕೇಂದ್ರಗಳು ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಮನೆಗೆ ಕಳಿಸಿದ್ದವು. ಇಂದಿಗೂ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಹೊರರೋಗಿ ರಿಜಿಸ್ಟರ್ ತೆರೆದು, ಕೆಮ್ಮು ಎಂದು ಬರೆದಿರುವ ಹೆಸರುಗಳನ್ನು ಎಣಿಸಿ, ಅವರಲ್ಲಿ ಎಷ್ಟು ಜನರ ಕಫ ಪ್ರಯೋಗಾಲಯಕ್ಕೆ ಹೋಯಿತು ಎಂದು ನೋಡಿ. ತುಮಕೂರಿನ ಆ ಬಾಟಲಿ ಇನ್ನೂ ಖಾಲಿಯಾಗಿಲ್ಲ ಎಂಬುದು ನಿಮಗೇ ತಿಳಿಯುತ್ತದೆ.

ಪ್ರಕಟವಾಗುವ ಮೊದಲೇ ಕೈಗೆ ಸಿಕ್ಕಿದ್ದ ಆ ಅಧ್ಯಯನದ ಫಲಿತಾಂಶಗಳ ಜೊತೆಗೆ, ಮನೆಯಲ್ಲೇ ಕೊಡುವ ಔಷಧ ಸ್ಯಾನಟೋರಿಯಂನ, ಅಂದರೆ ಕ್ಷಯರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಆಸ್ಪತ್ರೆಯ, ಆರೈಕೆಗೆ ಸಮ ಎಂದು ಮದರಾಸಿನಲ್ಲಿ 1956ರಿಂದ ನಡೆದ ಪ್ರಯೋಗ ತೋರಿಸಿಕೊಟ್ಟದ್ದೂ ಸೇರಿ, 1962ರಲ್ಲಿ ಜಿಲ್ಲೆಯನ್ನೇ ಘಟಕವಾಗಿಟ್ಟುಕೊಂಡ ರಾಷ್ಟ್ರೀಯ ಕಾರ್ಯಕ್ರಮ ಬಂತು. ಯೋಜನೆ ಒಳ್ಳೆಯದಿತ್ತು. ಆದರೆ ಮೂವತ್ತು ವರ್ಷ ಕಳೆದು 1992ರಲ್ಲಿ ಪರಿಶೀಲಿಸಿದಾಗ ಹಣ ಸಾಲದು, ಔಷಧ ಎಡೆಬಿಡದೆ ಸಿಗುತ್ತಿಲ್ಲ, ಕಫ ಪರೀಕ್ಷೆಗಿಂತ ಎಕ್ಸ್-ರೇಗೇ ಜೋತುಬಿದ್ದಿದ್ದಾರೆ, ಚಿಕಿತ್ಸೆ ಮುಗಿಸುವವರು ಕಡಿಮೆ ಎಂಬುದು ಕಂಡುಬಂತು. 1993ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 1997ರಿಂದ ವಿಸ್ತರಿಸಿದ ಪರಿಷ್ಕೃತ ಕಾರ್ಯಕ್ರಮ 2006ರ ಹೊತ್ತಿಗೆ ಇಡೀ ದೇಶವನ್ನು ತಲುಪಿತು. ಕಣ್ಣೆದುರಿನಲ್ಲಿ ಮಾತ್ರೆ ನುಂಗಿಸುವುದು ಇದರ ಹೆಗ್ಗುರುತು ಎಂದು ಜನರಿಗೆ ಗೊತ್ತು. ಆಡಳಿತಗಾರನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಜೆಕ್ ಮೂಲದ ವೈದ್ಯ ಕರೆಲ್ ಸ್ಟಿಬ್ಲೊ 1970ರ ದಶಕದ ಕೊನೆಯಿಂದ ತಾಂಜಾನಿಯಾದಲ್ಲಿ ರೂಢಿಸಿದ ಲೆಕ್ಕದ ಕ್ರಮ. ಒಂದು ತ್ರೈಮಾಸಿಕದಲ್ಲಿ ನೋಂದಣಿಯಾದ ಎಲ್ಲರನ್ನೂ ಒಂದು ಗುಂಪಾಗಿ ಹಿಡಿದು, ಅವರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಅಂತಿಮ ಫಲಿತಾಂಶ ಬರೆಯಬೇಕು: ಗುಣವಾದರೇ, ಚಿಕಿತ್ಸೆ ಮುಗಿಸಿದರೇ, ತೀರಿಕೊಂಡರೇ, ಔಷಧ ಫಲಿಸಲಿಲ್ಲವೇ, ನಡುವೆ ಬಿಟ್ಟರೇ. ನೂರು ಜನ ಬಂದಿದ್ದರೆ ಫಲಿತಾಂಶಗಳ ಮೊತ್ತವೂ ನೂರಾಗಲೇಬೇಕು. ರಸ್ತೆ, ವಿದ್ಯುತ್ತು, ವೈದ್ಯರು ಎಲ್ಲವೂ ವಿರಳವಾಗಿದ್ದ ಬಡ ದೇಶದಲ್ಲಿ ಇದು ಸಾಧ್ಯವಾಯಿತು. ಅಲ್ಲಿ ಒಬ್ಬ ರೋಗಿಯನ್ನೂ ಲೆಕ್ಕದಿಂದ ಬಿಡಲು ಅವಕಾಶವಿರಲಿಲ್ಲ.

ಇನ್ನು ನಿಮ್ಮ ಜಿಲ್ಲೆಗೆ ಬರೋಣ. ನಾನು ಸೇವೆಯಲ್ಲಿದ್ದಾಗ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಪ್ರಯೋಗಾಲಯದ ರಿಜಿಸ್ಟರ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದ ಒಂದು ಹೆಸರಿತ್ತು, ಕಫದಲ್ಲಿ ಕ್ಷಯಾಣು ಇದೆ ಎಂಬ ಗುರುತು. ಚಿಕಿತ್ಸಾ ರಿಜಿಸ್ಟರ್‌ನಲ್ಲಿ ಆ ಹೆಸರು ಇರಲಿಲ್ಲ. ವಿಳಾಸದ ಜಾಗದಲ್ಲಿ ಊರಿನ ಹೆಸರು, ಪಕ್ಕದಲ್ಲಿ 'ಹನುಮಪ್ಪನ ಗುಡಿ ಹತ್ತಿರ' ಎಂದಷ್ಟೇ ಇತ್ತು. ಕೊಟ್ಟಿದ್ದ ಮೊಬೈಲ್ ಸಂಖ್ಯೆಗೆ ಕರೆ ಮಾಡಿದರೆ ಎತ್ತಿದವರು ಬಸ್ ನಿಲ್ದಾಣದ ಪಕ್ಕದ ಅಂಗಡಿಯವರು. ಅಂದು ಅವನ ಜೊತೆ ಆಸ್ಪತ್ರೆಗೆ ಬಂದ ಯಾರೋ ತಮ್ಮ ನೆನಪಿಗೆ ಬಂದ ಸಂಖ್ಯೆ ಹೇಳಿದ್ದರಂತೆ. ಎಸ್‌ಟಿಎಸ್ ಜೊತೆ ನಾನೇ ಆ ಊರಿಗೆ ಹೋದೆ. ಊರಿನಲ್ಲಿ ಹನುಮಪ್ಪನ ಗುಡಿ ಎರಡಿದ್ದವು. ಎರಡನೆಯ ಗುಡಿಯ ಹಿಂದಿನ ಮನೆಯಲ್ಲಿ ಅವನ ತಾಯಿ ಸಿಕ್ಕರು. 'ಫಲಿತಾಂಶ ನಾಳೆ ಬಾ ಅಂದರು, ನಾಳೆ ಹೋದರೆ ಡಾಕ್ಟರು ಮೀಟಿಂಗಿಗೆ ಹೋಗ್ಯಾರ ಅಂದರು, ಮಗ ಎರಡು ದಿನದ ಕೂಲಿ ಕಳಕೊಂಡ, ಮೂರನೇ ದಿನ ಬೆಂಗಳೂರು ಬಸ್ಸು ಹತ್ತಿದ' ಎಂದು ಆಕೆ ಹೇಳಿದರು. ಆ ಮೀಟಿಂಗ್ ಕ್ಷಯರೋಗ ಕಾರ್ಯಕ್ರಮದ್ದೇ ಆಗಿತ್ತು, ಕರೆದವನು ನಾನೇ ಆಗಿದ್ದೆ. ಅಂದಿನಿಂದ ಎರಡು ನಿಯಮ ಮಾಡಿಕೊಂಡೆವು. ಕಫ ತೆಗೆದುಕೊಳ್ಳುವಾಗಲೇ ಸಂಖ್ಯೆಗೆ ಒಂದು ಮಿಸ್ಡ್ ಕಾಲ್ ಕೊಟ್ಟು ರೋಗಿಯ ಜೇಬಿನ ಫೋನೇ ರಿಂಗಾಗುತ್ತದೆಯೇ ಎಂದು ನೋಡುವುದು. ಫಲಿತಾಂಶವನ್ನು ರೋಗಿ ಬಂದು ಕೇಳುವ ಬದಲು ನಾವೇ ಅವನಿಗೆ ತಲುಪಿಸುವುದು. ಎರಡಕ್ಕೂ ಒಂದು ರೂಪಾಯಿಯ ಅನುದಾನ ಬೇಕಾಗಲಿಲ್ಲ.

ಕಫದ ಸಾಗಣೆಗೆ ನಾವು ಕೊಡಬೇಕಾದಷ್ಟು ಗಮನ ಕೊಡುತ್ತಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಸೂಕ್ಷ್ಮದರ್ಶಕದಲ್ಲಿ ಕ್ಷಯಾಣು ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಕ್ಷಯಾಣುಗಳಿರಬೇಕು. ಕ್ಷಯಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನ್ಯಾಟ್, ಟ್ರೂನಾಟ್ ಯಂತ್ರಗಳು ಅದಕ್ಕಿಂತ ಬಹಳ ಕಡಿಮೆ ಇದ್ದರೂ ಹಿಡಿಯುತ್ತವೆ, ಜೊತೆಗೆ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಪ್ರತಿರೋಧವಿದೆಯೇ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ಹೇಳುತ್ತವೆ. ಆದರೆ ಡಬ್ಬಿಯೊಳಗೆ ಕಫದ ಬದಲು ಉಗುಳು ಇದ್ದರೆ ಯಂತ್ರವೇನು ಮಾಡೀತು? ಬೆಳಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ಎದೆ ತುಂಬ ಉಸಿರೆಳೆದು, ಆಳದಿಂದ ಕೆಮ್ಮಿ ತೆಗೆಯಬೇಕು ಎಂಬುದನ್ನು ಯಾರಾದರೂ ಎರಡು ನಿಮಿಷ ನಿಂತು ತೋರಿಸಿಕೊಡಬೇಕು. ಡಬ್ಬಿಯ ಮುಚ್ಚಳ ಸೋರದಂತಿರಬೇಕು, ಹೆಸರನ್ನು ಮುಚ್ಚಳದ ಮೇಲೆ ಬರೆಯದೆ ಡಬ್ಬಿಯ ಮೈಮೇಲೆ ಬರೆಯಬೇಕು, ವಾರದ ಯಾವ ಯಾವ ದಿನ ಯಾರು ಒಯ್ಯುತ್ತಾರೆ ಎಂಬುದು ಉಪಕೇಂದ್ರದ ಗೋಡೆಯ ಮೇಲೆ ಇರಬೇಕು. ಕಫದ ಮಾದರಿ ಹಾಕುವ ಸಿಬಿನ್ಯಾಟ್‌ನ ಕಾರ್ಟ್ರಿಜ್‌ಗಳನ್ನು 28 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಇಡಬಾರದು. ಏಪ್ರಿಲ್-ಮೇ ತಿಂಗಳಲ್ಲಿ ನಿಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಉಗ್ರಾಣದ ಹವಾನಿಯಂತ್ರಕ ಕೆಟ್ಟಿದೆಯೇ ಎಂಬುದು ಯಾರ ತಪಾಸಣಾ ಪಟ್ಟಿಯಲ್ಲೂ ಇಲ್ಲದಿದ್ದರೆ ಅದನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯರೋಗ ಸಮೀಕ್ಷೆಯಲ್ಲಿ, ಲಕ್ಷಣಗಳಿದ್ದವರಲ್ಲಿ ಸುಮಾರು 64 ಶೇಕಡ ಜನ ಎಲ್ಲಿಯೂ ಚಿಕಿತ್ಸೆಗೆ ಹೋಗಿರಲಿಲ್ಲ, ಮತ್ತು ಎದೆಯ ಎಕ್ಸ್-ರೇ ತೆಗೆಯದೇ ಇದ್ದಿದ್ದರೆ 42.6 ಶೇಕಡ ರೋಗಿಗಳು ಪತ್ತೆಯಾಗುತ್ತಲೇ ಇರಲಿಲ್ಲ. ಆದ್ದರಿಂದ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರದೊಡನೆ ಹಳ್ಳಿಗಳಿಗೆ ಹೋಗುವ ಈಗಿನ ಕ್ರಮ ಸರಿಯಾದದ್ದು. ಇದು ತುಮಕೂರಿನ ಪಾಠಕ್ಕೆ ವಿರುದ್ಧವಲ್ಲ. ಮನೆಬಾಗಿಲಿಗೆ ಹೋಗುವ ಮೊದಲು, ನಮ್ಮ ಬಾಗಿಲಿಗೆ ತಾನಾಗಿ ಬಂದು ನಿಂತವನನ್ನು ಪರೀಕ್ಷಿಸದೆ ಕಳಿಸಬಾರದು ಎನ್ನುವುದು ನನ್ನ ಒತ್ತಾಯ.

ನಿಮ್ಮ ಭಾಗದಲ್ಲಿ ರೋಗಿ ಕೈತಪ್ಪುವ ಅತಿ ದೊಡ್ಡ ಜಾಗ ಗುಳೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮುಂಬೈ, ಗೋವಾದ ಕಟ್ಟಡ ಕೆಲಸಕ್ಕೆ ಹೋಗುವವರಿಗೆ ಆರು ತಿಂಗಳ ಚಿಕಿತ್ಸೆ ಒಂದೇ ಊರಿನಲ್ಲಿ ಮುಗಿಯುವುದು ಸಾಧ್ಯವೇ ಇಲ್ಲ. ನಿಕ್ಷಯ್‌ನಲ್ಲಿ ರೋಗಿಯನ್ನು ಇನ್ನೊಂದು ಜಿಲ್ಲೆಗೆ ವರ್ಗಾಯಿಸುವ ಸೌಲಭ್ಯವಿದೆ. ಗುಂಡಿ ಒತ್ತಿದರೆ ನಮ್ಮ ಪಟ್ಟಿಯಿಂದ ಹೆಸರು ಹೋಗುತ್ತದೆ. ಆದರೆ ಹೆಸರು ಹೋದದ್ದು ಬೇರೆ, ಮನುಷ್ಯ ಅಲ್ಲಿ ತಲುಪಿದ್ದು ಬೇರೆ. ವರ್ಗಾವಣೆಯ ನಂತರ ಆ ಊರಿನ ಎಸ್‌ಟಿಎಸ್‌ಗೆ ನಿಮ್ಮ ಎಸ್‌ಟಿಎಸ್ ಖುದ್ದಾಗಿ ಮಾತನಾಡಿ, ರೋಗಿ ಅಲ್ಲಿ ಮೊದಲ ಮಾತ್ರೆ ಪಡೆದ ದಿನವನ್ನು ಬರೆದುಕೊಳ್ಳುವವರೆಗೆ ಅವನು ನಿಮ್ಮ ರೋಗಿಯೇ ಎಂದು ಸಿಬ್ಬಂದಿಗೆ ಸ್ಪಷ್ಟವಾಗಿ ಹೇಳಿಡಿ. ಗುಳೆ ಹೊರಡುವ ತಿಂಗಳು ನಿಮಗೆ ಮೊದಲೇ ಗೊತ್ತಿರುವುದರಿಂದ, ಅದಕ್ಕೆ ಮುಂಚೆಯೇ ಪ್ರತಿ ರೋಗಿಯ ಮನೆಯಲ್ಲಿ 'ಈ ಸಲ ಎಲ್ಲಿಗೆ ಹೋಗುವವರು, ಮೇಸ್ತ್ರಿ ಯಾರು' ಎಂದು ಕೇಳಿಸಿ. ನನ್ನ ಅನುಭವದಲ್ಲಿ ಆಧಾರ್ ಸಂಖ್ಯೆಗಿಂತ ಮೇಸ್ತ್ರಿಯ ಫೋನ್ ಸಂಖ್ಯೆ ಹೆಚ್ಚು ರೋಗಿಗಳನ್ನು ಹುಡುಕಿಕೊಟ್ಟಿದೆ. ಒಂದು ತಿಂಗಳು ಸತತವಾಗಿ ಔಷಧ ನಿಂತರೆ ಅವನು ನಡುವೆ ಬಿಟ್ಟವನು ಎಂದು ನಮ್ಮ ಕಾರ್ಯಕ್ರಮದಲ್ಲಿ ದಾಖಲಾಗುತ್ತದೆ. ಹುಡುಕುವ ಕೆಲಸ ಮೂವತ್ತನೆಯ ದಿನಕ್ಕೆ ಆರಂಭವಾದರೆ ತಡವಾಯಿತು; ಮೂರನೆಯ ದಿನಕ್ಕೆ ಆರಂಭವಾಗಬೇಕು.

ಖಾಸಗಿ ವೈದ್ಯರ ವಿಷಯದಲ್ಲಿ ಸರ್ಕಾರಿ ಸಿಬ್ಬಂದಿಗೆ ಇರುವ ಅಸಮಾಧಾನ ನನಗೆ ಗೊತ್ತು, ಅದರಿಂದ ಏನೂ ಸಾಧಿಸಲಾಗದು ಎಂಬುದೂ ಗೊತ್ತು. ಕೆಮ್ಮು ಬಂದವರಲ್ಲಿ ಬಹಳಷ್ಟು ಜನ ಮೊದಲು ಹೋಗುವುದು ಊರಿನ ಖಾಸಗಿ ವೈದ್ಯರಲ್ಲಿಗೆ ಅಥವಾ ನೇರವಾಗಿ ಔಷಧ ಅಂಗಡಿಗೆ. ಪ್ರತಿಯೊಬ್ಬ ಕ್ಷಯರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ, 2018ರ ಅಧಿಸೂಚನೆಯ ನಂತರ ತಿಳಿಸದಿದ್ದರೆ ಕಾನೂನು ಕ್ರಮಕ್ಕೂ ಅವಕಾಶವಿದೆ. ನಾನು ಆ ಕಾನೂನನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ, ಆದರೆ ಹೊರಗೆ ತೆಗೆಯುತ್ತಿರಲಿಲ್ಲ. ಖಾಸಗಿ ವೈದ್ಯರಿಗೆ ಬೇಕಾದದ್ದು ತಮ್ಮ ರೋಗಿ ತಮ್ಮಲ್ಲೇ ಉಳಿಯುತ್ತಾನೆ ಎಂಬ ಭರವಸೆ. ಉಚಿತ ಪರೀಕ್ಷೆ, ಉಚಿತ ಮಾತ್ರೆ, ಮನೆಗೆ ಹೋಗಿ ವಿಚಾರಿಸುವ ಸಿಬ್ಬಂದಿ ಇವೆಲ್ಲವನ್ನೂ ನಾವು ಕೊಟ್ಟು, ಸಲಹೆಯನ್ನು ಅವರೇ ಕೊಡಲಿ ಎಂದರೆ ಬಹುತೇಕರು ಒಪ್ಪುತ್ತಾರೆ. ಇಲ್ಲಿ ಹೆಚ್ಚಿನವರು ಬಳಸದ ಒಂದು ದಾರಿಯೂ ಇದೆ. 2014ರಿಂದ ಕ್ಷಯದ ಔಷಧಗಳು ಎಚ್1 ಅನುಸೂಚಿಗೆ ಸೇರಿವೆ. ಅವನ್ನು ಮಾರುವ ಅಂಗಡಿಯವರು ಔಷಧ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇಷ್ಟನ್ನೂ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಜಿಲ್ಲೆಯ ಔಷಧ ನಿಯಂತ್ರಣ ಇಲಾಖೆಯ ಅಧಿಕಾರಿಯೊಡನೆ ತಿಂಗಳಿಗೊಮ್ಮೆ ಕುಳಿತು ಆ ರಿಜಿಸ್ಟರ್‌ಗಳನ್ನು ನಿಕ್ಷಯ್ ಪಟ್ಟಿಯೊಂದಿಗೆ ಹೋಲಿಸಿದರೆ, ಯಾರ ಲೆಕ್ಕಕ್ಕೂ ಬಾರದೆ ಮಾತ್ರೆ ಕೊಂಡು ನುಂಗುತ್ತಿರುವವರು ಸಿಗುತ್ತಾರೆ.

ಔಷಧ ಉಚಿತ ಎಂದು ಬರೆದಿದ್ದೀರಿ. ಉಚಿತವಾದ ಔಷಧ ಉಗ್ರಾಣದಲ್ಲಿ ಇದೆಯೇ ಎಂಬುದು ಬೇರೆ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಪೂರೈಕೆ ತಡವಾಗಬಹುದೆಂದು ಕೇಂದ್ರವು ರಾಜ್ಯಗಳಿಗೆ ಮೂರು ತಿಂಗಳ ಔಷಧವನ್ನು ಸ್ಥಳೀಯವಾಗಿ ಖರೀದಿಸಲು ತಿಳಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಮೊದಲೇ ಲೆಕ್ಕ ಇಟ್ಟುಕೊಂಡ ಜಿಲ್ಲೆ ಮಾತ್ರ ನಿಭಾಯಿಸುತ್ತದೆ. ಲೆಕ್ಕ ಕಷ್ಟದ್ದಲ್ಲ. 50ರಿಂದ 64 ಕೆ.ಜಿ. ತೂಕದ ಒಬ್ಬ ರೋಗಿಗೆ ದಿನಕ್ಕೆ ನಾಲ್ಕು ಮಾತ್ರೆ. ಮೊದಲ ಎರಡು ತಿಂಗಳ 56 ದಿನಕ್ಕೆ 224, ನಂತರದ ನಾಲ್ಕು ತಿಂಗಳ 112 ದಿನಕ್ಕೆ 448. ತೂಕದ ಪಟ್ಟಿವಾರು ರೋಗಿಗಳ ಸಂಖ್ಯೆ ಕೈಯಲ್ಲಿದ್ದರೆ ಇನ್ನೆಷ್ಟು ವಾರಕ್ಕೆ ಸಾಕು ಎಂಬುದನ್ನು ಫಾರ್ಮಸಿ ಅಧಿಕಾರಿ ಪ್ರತಿ ಶನಿವಾರ ಹೇಳಬಲ್ಲರು. ಇದಕ್ಕಾಗಿ ತೂಕದ ಯಂತ್ರ ಸರಿಯಿರಬೇಕು. ಚಿಕಿತ್ಸೆ ಆರಂಭಿಸಿದಾಗ 46 ಕೆ.ಜಿ. ಇದ್ದವನು 52ಕ್ಕೆ ಏರಿದರೆ ಮಾತ್ರೆ ಮೂರರಿಂದ ನಾಲ್ಕಾಗಬೇಕು. ಆರಂಭದ ತೂಕವನ್ನೇ ಪ್ರತಿ ತಿಂಗಳು ನಕಲು ಮಾಡಿದ ಕಾರ್ಡುಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಕೊರತೆ ಕಂಡಾಗ ಒಂದು ತಿಂಗಳ ಬದಲು ಒಂದು ವಾರದ ಮಾತ್ರೆ ಕೊಡುವುದು ಅನಿವಾರ್ಯವಾದೀತು, ಆದರೆ ರೋಗಿ ನಾಲ್ಕು ಸಲ ಬಸ್ಸು ಹತ್ತುವಂತೆ ಮಾಡಬೇಡಿ, ಆಶಾ ಕಾರ್ಯಕರ್ತೆಯ ಮೂಲಕ ಮನೆಗೇ ತಲುಪಿಸಿ.

ತಡವಾಗಿ ಬಂದು ತೀರಿಕೊಂಡವರ ಬಗ್ಗೆ ಕೇಳಿದ್ದೀರಿ. ಕ್ಷಯದ ಸಾವುಗಳಲ್ಲಿ ಹೆಚ್ಚಿನವು ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲೇ ಆಗುತ್ತವೆ. ಅಂದರೆ ಆ ಮನುಷ್ಯ ನಮ್ಮ ಮುಂದೆ ಕುಳಿತಿದ್ದ, ನಾವು ಮಾತ್ರೆ ಕೊಟ್ಟು ಕಳಿಸಿದೆವು, ಅವನು ಮನೆಯಲ್ಲಿ ತೀರಿಕೊಂಡ. ನೆರೆಯ ತಮಿಳುನಾಡು 2022ರಲ್ಲಿ 'ಕಾಸನೋಯ್ ಇರಪ್ಪಿಲಾ ತಿಟ್ಟಂ', ಅಂದರೆ ಕ್ಷಯದ ಸಾವಿಲ್ಲದ ಯೋಜನೆ, ಎಂಬ ಹೆಸರಿನಲ್ಲಿ ಮಾಡಿದ ಕೆಲಸವನ್ನು ನೀವು ನಾಳೆಯೇ ಆರಂಭಿಸಬಹುದು. ರೋಗ ಪತ್ತೆಯಾದ ದಿನವೇ ತೂಕ ಮತ್ತು ಎತ್ತರ, ಕಾಲಿನ ಬಾವು, ಉಸಿರಾಟದ ವೇಗ, ರಕ್ತದ ಆಮ್ಲಜನಕ, ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂಬ ಇಷ್ಟನ್ನೇ ನೋಡುತ್ತಾರೆ. ನಿಮಿಷಕ್ಕೆ 24ಕ್ಕಿಂತ ಹೆಚ್ಚು ಉಸಿರು, 94ಕ್ಕಿಂತ ಕಡಿಮೆ ಆಮ್ಲಜನಕ, ಎದ್ದು ನಿಲ್ಲಲಾಗದ ನಿಶ್ಶಕ್ತಿ, ತೀರಾ ಕೃಶವಾದ ದೇಹ ಇವುಗಳಲ್ಲಿ ಯಾವುದೊಂದು ಕಂಡರೂ ಅವರನ್ನು ಮನೆಗೆ ಕಳಿಸದೆ ವಿವರವಾಗಿ ತಪಾಸಿಸಿ, ಒಳರೋಗಿಯಾಗಿ ಸೇರಿಸಿಕೊಳ್ಳುತ್ತಾರೆ. ಇದಕ್ಕೆ ತಜ್ಞರು ಬೇಕಿಲ್ಲ, ಸಮುದಾಯ ಆರೋಗ್ಯ ಅಧಿಕಾರಿ ಅಥವಾ ಶುಶ್ರೂಷಕಿ ಸಾಕು. ಆದರೆ ಜಿಲ್ಲಾ ಆಸ್ಪತ್ರೆಯಲ್ಲಿ ಆ ರಾತ್ರಿ ಹಾಸಿಗೆ ಸಿಗುತ್ತದೆ ಎಂಬ ಖಾತ್ರಿ ಇರಬೇಕು, ಅದನ್ನು ಆ ಆಸ್ಪತ್ರೆಯ ಮುಖ್ಯಸ್ಥರಾದ ಜಿಲ್ಲಾ ಶಸ್ತ್ರಚಿಕಿತ್ಸಕರೊಡನೆ ಮಾತನಾಡಿ ಪಡೆಯಬೇಕಾದವರು ನೀವು.

ಕೃಶತೆಯ ಮಾತು ಬಂದಿದ್ದರಿಂದ ಅನ್ನದ ಮಾತನ್ನೂ ಹೇಳಲೇಬೇಕು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಮನೆಯ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಒಳಗೊಂಡು ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮನೆಯ ಪ್ರತಿ ಸದಸ್ಯನಿಗೆ ತಿಂಗಳಿಗೆ ಐದು ಕೆ.ಜಿ. ಅಕ್ಕಿ ಮತ್ತು ಒಂದೂವರೆ ಕೆ.ಜಿ. ಬೇಳೆ ಕೊಟ್ಟ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು 39 ಶೇಕಡ, ಶ್ವಾಸಕೋಶದ ಕ್ಷಯ 48 ಶೇಕಡ ಕಡಿಮೆಯಾಯಿತು. ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ಬಹಳ ಕಡಿಮೆಯಿತ್ತು. ಅಕ್ಕಿ ಬೇಳೆ ಲಸಿಕೆಯಂತೆ ಕೆಲಸ ಮಾಡಿದ್ದನ್ನು ಓದಿದ ದಿನ ನನಗೆ ಸಂತೋಷವೂ ಆಯಿತು, ಇಷ್ಟು ವರ್ಷ ಕೈಬಿಟ್ಟದ್ದಕ್ಕೆ ಸಂಕಟವೂ ಆಯಿತು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಮೊದಲ 3,000 ರೋಗ ಪತ್ತೆಯಾದಾಗ, ಉಳಿದ 3,000 ಚಿಕಿತ್ಸೆಯ 84 ದಿನ ಮುಗಿದ ಮೇಲೆ. ಹಣ ಬೇಕಾಗುವುದು ಮೊದಲ ವಾರಗಳಲ್ಲಿ, ತಡವಾಗುವುದೂ ಆಗಲೇ, ಏಕೆಂದರೆ ಖಾತೆ ಇಲ್ಲ, ಇದ್ದರೂ ಆಧಾರ್ ಜೋಡಣೆಯಾಗಿಲ್ಲ, ಹೆಂಗಸರ ಖಾತೆ ತವರಿನ ಊರಿನಲ್ಲಿದೆ. ಜಿಲ್ಲೆಯ ಮುಂಚೂಣಿ ಬ್ಯಾಂಕಿನ ವ್ಯವಸ್ಥಾಪಕರನ್ನೂ ಅಂಚೆ ಇಲಾಖೆಯವರನ್ನೂ ನಿಮ್ಮ ಸಭೆಗೆ ಕರೆಯಿರಿ. ಆಹಾರ ಇಲಾಖೆಯವರು ಬಂದರೆ, ಪಡಿತರ ಚೀಟಿ ಇಲ್ಲದ ರೋಗಿಗಳ ಪಟ್ಟಿಯನ್ನು ಅವರ ಕೈಗೇ ಕೊಡಿ.

ಔಷಧ ಪ್ರತಿರೋಧಿ ಕ್ಷಯ, ಎಚ್‌ಐವಿ, ಮಧುಮೇಹ, ಮನೆಯವರಿಗೆ ಕೊಡುವ ಮುಂಜಾಗ್ರತಾ ಚಿಕಿತ್ಸೆ ಇವೆಲ್ಲಕ್ಕೂ ಮಾರ್ಗಸೂಚಿಗಳು ವಿವರವಾಗಿವೆ, ವೈದ್ಯರಾದ ನಿಮಗೆ ಅವುಗಳನ್ನು ನಾನು ಹೇಳಬೇಕಿಲ್ಲ. ಒಂದನ್ನು ಮಾತ್ರ ನೋಡಿಕೊಳ್ಳಿ: ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಕ್ಷಯ ಪತ್ತೆಯಾದವರ ಹೆಸರೂ ನಿಮ್ಮ ಪಟ್ಟಿಯ ಹೆಸರೂ ತಿಂಗಳಿಗೊಮ್ಮೆ ಒಂದೇ ಮೇಜಿನ ಮೇಲೆ ಹೊಂದಿಕೆಯಾಗಬೇಕು.

ಸಿಬ್ಬಂದಿಯ ವಿಷಯ ಸಣ್ಣದಲ್ಲ. ಎಸ್‌ಟಿಎಸ್, ಪ್ರಯೋಗಾಲಯ ಮೇಲ್ವಿಚಾರಕರು, ಬಹಳಷ್ಟು ಟೆಕ್ನಿಷಿಯನ್‌ಗಳು ಗುತ್ತಿಗೆಯವರು. ಎರಡು ಲಕ್ಷ ಜನರ ನಡುವೆ ಬೈಕಿನಲ್ಲಿ ಓಡಾಡುವ ಮನುಷ್ಯನಿಗೆ ಸಂಬಳ ಎರಡು ತಿಂಗಳು ತಡವಾದರೆ, ಪೆಟ್ರೋಲ್ ಭತ್ಯೆ ಆರು ತಿಂಗಳು ಬಾಕಿ ಇದ್ದರೆ, ಅವನು ರೋಗಿಯ ಮನೆಗೆ ಹೋಗುವುದನ್ನು ಬಿಟ್ಟು ಫೋನಿನಲ್ಲಿ ವಿಚಾರಿಸಲು ತೊಡಗುತ್ತಾನೆ. ಅವನನ್ನು ಗದರಿಸುವ ಮೊದಲು ನಿಮ್ಮ ಕಚೇರಿಯ ಲೆಕ್ಕ ಶಾಖೆಗೆ ಹೋಗಿ ಬಿಲ್ಲು ಎಲ್ಲಿ ನಿಂತಿದೆ ಎಂದು ಕೇಳಿ. ಕೋವಿಡ್ ಬಂದ 2020ರಲ್ಲಿ ಸಿಬ್ಬಂದಿಯೂ ಯಂತ್ರಗಳೂ ಆ ಕೆಲಸಕ್ಕೆ ಹೋದಾಗ, ಹಿಂದಿನ ವರ್ಷ ದೇಶದಲ್ಲಿ 24 ಲಕ್ಷವಿದ್ದ ಕ್ಷಯ ನೋಂದಣಿ 18 ಲಕ್ಷಕ್ಕೆ ಇಳಿಯಿತು. ರೋಗ ಇಳಿದಿರಲಿಲ್ಲ, ನೋಡುವವರು ಇರಲಿಲ್ಲ.

ಇದೇ ಕಾರಣಕ್ಕೆ ಸಭೆಯ ಅಂಕಿಗಳ ಬಗ್ಗೆ ನಿಮಗಿರುವ ಅಸಮಾಧಾನ ನನಗೂ ಇದೆ. ನೋಂದಣಿ ಹೆಚ್ಚಾದ ತಾಲ್ಲೂಕನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನಿಸುವುದನ್ನೂ, ಕಡಿಮೆಯಾದ ತಾಲ್ಲೂಕನ್ನು ಹೊಗಳುವುದನ್ನೂ ನಾನು ಕಂಡಿದ್ದೇನೆ. ಕ್ಷಯಮುಕ್ತ ಪಂಚಾಯಿತಿ ಎಂದು ಘೋಷಿಸಲು ಸಾವಿರ ಜನರಿಗೆ ಒಂದಕ್ಕಿಂತ ಹೆಚ್ಚು ರೋಗಿ ಇರಬಾರದು ಎಂಬ ಅಳತೆಯ ಜೊತೆಗೆ, ಸಾವಿರಕ್ಕೆ ಕನಿಷ್ಠ 30 ಪರೀಕ್ಷೆ ಆಗಿರಬೇಕು ಎಂಬ ಅಳತೆಯೂ ಇದೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹಿಡಿದರೆ ರೋಗವನ್ನು ಮುಚ್ಚಿಡುವವರಿಗೆ ಪ್ರಶಸ್ತಿ ಸಿಗುತ್ತದೆ. ದೇಶದಲ್ಲಿ 2015ರಲ್ಲಿ ಲಕ್ಷಕ್ಕೆ 237 ಎಂದು ಅಂದಾಜಾಗಿದ್ದ ಹೊಸ ರೋಗಿಗಳ ಪ್ರಮಾಣ 2023ಕ್ಕೆ 195ಕ್ಕೆ ಇಳಿದಿತ್ತು, ಸುಮಾರು 18 ಶೇಕಡ. 2025ರೊಳಗೆ 80 ಶೇಕಡ ಇಳಿಸಬೇಕೆಂಬ ಗುರಿಯಿಂದ ಇದು ಬಹಳ ದೂರ. ಆದರೂ ಇಳಿದದ್ದು ನಿಜ, ಅದರ ಹಿಂದೆ ಸಾವಿರಾರು ಜನರ ನಡಿಗೆಯಿದೆ. ಗುರಿ ಮುಟ್ಟಿದೆವೆಂದು ತೋರಿಸಲು ಎಲ್ಲಿಯೂ ಅಂಕಿ ತಿದ್ದಲು ಬಿಡಬೇಡಿ.

ನಿಮ್ಮ ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಬರುವ ಸೋಮವಾರ ಯಾವುದಾದರೂ ಒಂದು ತಾಲ್ಲೂಕಿನ ಪ್ರಯೋಗಾಲಯದ ರಿಜಿಸ್ಟರ್, ಚಿಕಿತ್ಸಾ ರಿಜಿಸ್ಟರ್, ನಿಕ್ಷಯ್ ಪಟ್ಟಿ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು, ಕಳೆದ ತ್ರೈಮಾಸಿಕದಲ್ಲಿ ರೋಗ ಪತ್ತೆಯಾದ ಪ್ರತಿಯೊಂದು ಹೆಸರಿನ ಮೇಲೂ ಬೆರಳಿಟ್ಟು ಮೂರರಲ್ಲೂ ಹುಡುಕಿ. ಸಿಗದ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅವರಲ್ಲಿ ಒಬ್ಬರ ಮನೆಗೆ ಜೀಪಿನಲ್ಲಿ ಸಿಬ್ಬಂದಿಯ ಹಿಂಡು ಕಟ್ಟಿಕೊಳ್ಳದೆ, ನೆರೆಯವರಿಗೆ ರೋಗದ ಸುಳಿವು ಸಿಗದ ಹಾಗೆ, ಒಬ್ಬ ಆಶಾ ಕಾರ್ಯಕರ್ತೆಯೊಡನೆ ಹೋಗಿ. ಕೆಮ್ಮು ಯಾವಾಗ ಆರಂಭವಾಯಿತು, ಮೊದಲು ಯಾರ ಬಳಿ ಹೋದರು, ಎಷ್ಟು ಬಾಗಿಲು ತಟ್ಟಿದರು, ಎಷ್ಟು ದಿನದ ಕೂಲಿ ಹೋಯಿತು, ಯಾವ ದಿನ ಸಾಕಾಗಿ ಬಿಟ್ಟರು ಎಂದು ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ಮುಂದಿನ ಪರಿಶೀಲನಾ ಸಭೆಯಲ್ಲಿ ಗುರಿ-ಸಾಧನೆಯ ಪಟ್ಟಿ ತೆರೆಯುವ ಮುಂಚೆ, ಹೆಸರು ಮತ್ತು ಊರು ಬಿಟ್ಟು, ಆ ಹಾಳೆಯನ್ನು ಓದಿ, ಈ ಮನುಷ್ಯ ಯಾವ ಕೈಯಿಂದ ಯಾವ ಕೈಗೆ ದಾಟುವಾಗ ತಪ್ಪಿಹೋದ ಎಂದು ಎಲ್ಲರನ್ನೂ ಕೇಳಿ. ಉತ್ತರ ಬಂದ ಮೇಲೆ, ಆ ಜಾಗಕ್ಕೆ ಒಬ್ಬರ ಹೆಸರು ಮತ್ತು ಒಂದು ದಿನಾಂಕ ಬರೆದು ನಡಾವಳಿಗೆ ಸೇರಿಸಿ. ಮರುತಿಂಗಳು ಇನ್ನೊಂದು ತಾಲ್ಲೂಕು, ಇನ್ನೊಂದು ಮನೆ.